ಫಿನಾಯಿಲ್ ವಾಸನೆಯ ಮನೆ

ನಮ್ಮಕ್ಕ ಆಸ್ಪತ್ರೆಯಲ್ಲಿ ನೆಲ ಒರೆಸುವವಳು. ಅಲ್ಲಿ ಒರೆಸಿದ್ದು ಸಾಲದೆಂಬಂತೆ ಮಧ್ಯಾಹ್ನ ಮನೆಗೆ ಬಂದವಳೇ ಸೆರಗು ಸಿಕ್ಕಿಸಿ ಇಲ್ಲೂ ಶುರು ಹಚ್ಚಿಕೊಳ್ಳುತ್ತಾಳೆ. "ಇದೇನಕ್ಕಾ, ಮನೇನೂ ಆಪರೇಷನ್ ಥಿಯೇಟರ್ ಮಾಡ್ತೀಯಾ?" ಅಂದರೆ ಸೊಪ್ಪು ಹಾಕುವುದಿಲ್ಲ. ಪಕ್ಕದ ಮನೆಯಲ್ಲೇ ಇರುವ ನನಗೆ ಅವಳ ಬಕೆಟ್ಟಿನ ಸದ್ದು ಕೇಳಿದರೇ ಸೊಂಟ ಹಿಡಿಯುತ್ತದೆ.

ಅಂಥವಳು ಪ್ರಾಣಿಗಳ ಆಶ್ರಯಧಾಮದಿಂದ ಒಂದು ಹೆಣ್ಣು ನಾಯಿ ತಂದಳು. ವಯಸ್ಸಾದದ್ದು, ಒಂದು ಕಿವಿ ಹರಿದದ್ದು. ಅದಾಗಲೇ ಇಬ್ಬರು ಒಯ್ದು ವಾಪಸ್ ಬಿಟ್ಟಿದ್ದರಂತೆ. ಇನ್ನೊಮ್ಮೆ ವಾಪಸ್ ಹೋದರೆ ಸಾಯುವ ತನಕ ಪಂಜರವೇ ಗತಿ. ಭಾವ ಮುಖ ಗಂಟಿಕ್ಕಿಕೊಂಡೇ ಒಪ್ಪಿದರು. "ಭಾನುವಾರದ ತನಕ ನೋಡೋಣ. ಹೊಂದ್ಕೊಳ್ಳಲಿಲ್ಲ ಅಂದ್ರೆ ನಾನೇ ಬಿಟ್ಟು ಬರ್ತೀನಿ."

ನಾಯಿ ಮಂಚದಡಿ ಹೊಕ್ಕಿತು. ಬಟ್ಟಲು ಮುಟ್ಟಲಿಲ್ಲ. ಬೆಳಿಗ್ಗೆ ಹೇಗೋ ಧೈರ್ಯ ತಂದುಕೊಂಡು ತನ್ನ ಕಂಬಳಿಯ ಮೇಲೆ ಮಲಗುವುದು, ಸಂಜೆ ಮತ್ತೆ ನಡುಗುತ್ತ ಮಂಚದಡಿ ಸೇರುವುದು. ಅಕ್ಕ ಇನ್ನಷ್ಟು ತಿಕ್ಕಿದಳು. "ಪಾಪ, ಎಂಥ ಕೊಳಕಲ್ಲಿ ಬೆಳೀತೋ, ಇಲ್ಲಾದ್ರೂ ಚೊಕ್ಕವಾಗಿರ್ಲಿ" ಎನ್ನುತ್ತ ಕಂಬಳಿಯನ್ನೂ ದಿನಾ ಫಿನಾಯಿಲ್ ನೀರಿಗೆ ಅದ್ದಿ ಒಗೆದಳು. ನಾಯಿಗಿಂತ ಮೊದಲು ಇವಳೇ ಸತ್ತಾಳು ಎಂದು ನನಗೆ ಸಿಟ್ಟು ಬರುತ್ತಿತ್ತು.

ಶನಿವಾರ ಜೊತೆ ಕೆಲಸದವಳು ಬರಲಿಲ್ಲವೆಂದು ಅವಳ ಪಾಲಿನ ನೆಲವನ್ನೂ ಅಕ್ಕನೇ ಒರೆಸಿ ಬಂದಳು. ಬಕೆಟ್ಟಿಗೆ ಕೈ ಹಾಕುವ ಶಕ್ತಿಯೂ ಇರಲಿಲ್ಲ. ಗೋಡೆಗೊರಗಿ ಕಾಲು ಚಾಚಿದವಳು ಹಾಗೇ ನಿದ್ದೆ ಹೋದಳು. ಸಂಜೆ ನಾನು ಬಿಸಿ ಹಾಲು ತಂದು ನೋಡಿದರೆ ನಾಯಿ ಒಗೆಯದ ಕಂಬಳಿಯನ್ನು ಎಳೆದು ತಂದು ಅವಳ ಪಾದದ ಬಳಿ ಹಾಸಿಕೊಂಡು ಗೊರಕೆ ಹೊಡೆಯುತ್ತಿತ್ತು. ಬಟ್ಟಲು ಖಾಲಿಯಾಗಿತ್ತು.

ಎಬ್ಬಿಸಿ ತೋರಿಸಿದೆ. ಅಕ್ಕ ಕಂಬಳಿಯ ಅಂಚನ್ನು ಮೂಗಿಗೆ ಹಿಡಿದಳು.

"ಅದರ ವಾಸನೇನೆಲ್ಲ ದಿನಾ ನಾನೇ ತೊಳೆದು ಹಾಕ್ತಿದ್ನಲ್ಲೇ. ಸಂಜೆ ಆದ್ರೆ ಅದಕ್ಕೆ ಇದು ಯಾರ್ದೋ ಮನೆ" ಎಂದು ಅತ್ತುಬಿಟ್ಟಳು.

ಭಾನುವಾರ ಭಾವ ಹೇಳಿದ ಮಾತಿನಂತೆ ಹಗ್ಗ ಹಿಡಿದು ಬಂದರು. ಮೂಗು ಮುಚ್ಚಿಕೊಂಡರು. "ಏನಿದು, ಮನೆಯೆಲ್ಲ ನಾಯಿ ನಾತ. ಆ ಕಂಬಳಿ ಒಗೀಬಾರ್ದಾ?"

"ಒಗೆಯಲ್ಲ" ಅಂದಳು ಅಕ್ಕ, ನೆಲದಿಂದ ಏಳದೆ. "ನನ್ನ ಕೈಲೂ ಆಗಲ್ಲ, ಅದಕ್ಕೂ ಬೇಕಾಗಿಲ್ಲ."

ಹಗ್ಗ ಕಂಡು ನಾಯಿ ಗಡಗಡ ನಡುಗಿತು. ಆದರೆ ಮಂಚದ ಕಡೆ ಓಡಲಿಲ್ಲ. ಅಕ್ಕನ ಬೆನ್ನಿಗೂ ಗೋಡೆಗೂ ನಡುವೆ ನುಸುಳಿ ಅವಿತು ಕೂತಿತು. ಅದಕ್ಕೆ ಜಾಗ ಸಾಲದೆಂದು ಅಕ್ಕ ನೋಯುವ ಸೊಂಟವನ್ನೇ ಕಷ್ಟಪಟ್ಟು ಮುಂದಕ್ಕೆ ಸರಿಸಿದಳು.

ಭಾವ ಹಗ್ಗ ಕೆಳಗಿಟ್ಟರು.