ನೋಯದ ಕೈ

ಪಾಂಡವಪುರದ ಬಸ್ ಸ್ಟ್ಯಾಂಡ್ ಪಕ್ಕ, ಮೂಳೆಗೆ ಕಟ್ಟು ಹಾಕುವ ಸಾಬರ ಅಂಗಡಿಯ ಮೆಟ್ಟಿಲ ಕೆಳಗೆ, ಅಪ್ಪನ ಹಿಂದೆ ನಾನು ನಿಂತಿದ್ದೆ. ಸೋಮವಾರ, ಬೆಳಗಿನ ಹತ್ತು ಗಂಟೆ. ನನಗಾಗ ಇಪ್ಪತ್ತೆರಡು ವರ್ಷ. ಎಷ್ಟೋ ವರ್ಷಗಳ ಮೇಲೆ, ಹೋದ ವಾರ, ಮಣಿಕಟ್ಟು ನೋವೆಂದು ಆಸ್ಪತ್ರೆಗೆ ಹೋದಾಗ ಪಕ್ಕ ಕೂತಿದ್ದ ಅಜ್ಜಿಯ ಮೊಣಕಾಲಿನಿಂದ ಎಳ್ಳೆಣ್ಣೆ, ಬೆಳ್ಳುಳ್ಳಿ ವಾಸನೆ ಬಂತು. ಸಾಬರು ಹಚ್ಚುತ್ತಿದ್ದ ಎಣ್ಣೆಯದೇ ವಾಸನೆ; ಆ ಮೆಟ್ಟಿಲು ನೆನಪಾಯಿತು...

ಆ ಸೋಮವಾರಕ್ಕೆ ಮೂರು ತಿಂಗಳ ಹಿಂದೆ ಟ್ರಾಕ್ಟರಿನಿಂದ ಬಿದ್ದು ನನ್ನ ಬಲ ಮಣಿಕಟ್ಟು ಊದಿತ್ತು. ಸಾಬರದು ಒಂದು ಪದ್ಧತಿ. ಪೆಟ್ಟಾದ ಕೈ ಮುಟ್ಟುವ ಮೊದಲು ಚೆನ್ನಾಗಿರುವ ಕೈಯನ್ನು ಹಿಡಿದು, ಕಣ್ಣು ಮುಚ್ಚಿ, ಬಹಳ ಹೊತ್ತು ತಿರುಗಿಸಿ ನೋಡುವರು.

"ನೋವಿರೋದು ಇದಲ್ಲ ಸಾಬ್ರೆ" ಎಂದೆ.

"ಗೊತ್ತು, ಸುಮ್ಕಿರ್ಲಾ. ಅಲ್ಲಾ ಎಲ್ರಿಗೂ ಒಂದೇ ಅಚ್ಚಲ್ಲಿ ಕೈ ಕೊಟ್ಟಿಲ್ಲ. ನಿಂದು ಎಂಗೈತೆ ಅಂತ ಇದುನ್ನೇ ಕೇಳ್ಬೇಕು."

ಅವರ ಮಗಳು ಪಕ್ಕದಲ್ಲಿ ಎಣ್ಣೆ ಬಟ್ಟಲು ಹಿಡಿದು ನಗುತ್ತಿದ್ದಳು.

ಊತ ಇಳಿಯಿತು, ನೋವೂ ಹೋಯಿತು. ಆದರೆ ತಿರುಗಿಸಿದರೆ ಮಣಿಕಟ್ಟು ಟಕ್ ಎನ್ನುತ್ತಿತ್ತು. ಸಾಬರು ಸರಿಯಾಗಿ ಕೂರಿಸಿಲ್ಲ ಎಂದು ಅಪ್ಪ ತೀರ್ಮಾನಿಸಿದರು. ಎರಡೂ ಕೈ ಚಿಕ್ಕಂದಿನಿಂದ ಹಾಗೆಯೇ ಟಕ್ ಎನ್ನುತ್ತವೆಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಕೈ ಕೆಟ್ಟಿದೆಯೆಂದು ನನಗೆ ಕಬ್ಬು ಕಡಿಯುವುದು ತಪ್ಪಿತ್ತು.

"ನನ್ ಮಗನ ಕೈ ಕೆಡಿಸ್ಬುಟ್ಯಲ್ಲಯ್ಯ" ಎಂದು ಅಪ್ಪ ಆ ಸೋಮವಾರ ಕೂಗಿದರು. ಬಸ್ಸಿಗೆ ಕಾದಿದ್ದವರೆಲ್ಲ ತಿರುಗಿದರು.

ಸಾಬರು ದನಿ ಏರಿಸಲಿಲ್ಲ. "ಯಜಮಾನ್ರೆ, ಅವ್ನ ಎಡಗೈನೂ ಒಂದ್ಸಲ ತಿರುಗ್ಸಿ ನೋಡಿ" ಎಂದರು.

ಅಪ್ಪ ನೋಡಲಿಲ್ಲ. ಸಾಬರು ನನ್ನ ಮುಖ ನೋಡಿದರು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ...

ಆಮೇಲೆ ನಮ್ಮ ತೊಣ್ಣೂರು ಕಡೆಯವರು ಯಾರೂ ಅಲ್ಲಿಗೆ ಹೋಗಲಿಲ್ಲ. ವರ್ಷದೊಳಗೆ ಅಂಗಡಿ ಮುಚ್ಚಿತು.

ಹೋದ ವಾರ ಡಾಕ್ಟರು ಎರಡೂ ಕೈಗಳ ಸ್ಕ್ಯಾನು ತೋರಿಸಿದರು. ಮೂಳೆಗಳನ್ನು ಹಿಡಿದಿಡುವ ಒಂದು ನಾರು ಎರಡರಲ್ಲೂ ಸಣ್ಣದಂತೆ, ಕೂತ ಜಾಗವೂ ಬೇರೆಯಂತೆ. "ಹುಟ್ಟಿನಿಂದಲೇ ಹೀಗೆ. ಕೆಲವರಿಗೆ ಇರುತ್ತೆ" ಎಂದರು. ಸಾಬರ ಬೆರಳುಗಳು ಅದನ್ನು ಸ್ಕ್ಯಾನಿಲ್ಲದೆ ಓದಿದ್ದವು. ಎಣ್ಣೆ ಹತ್ತಿದ ಆ ಬೆಚ್ಚನೆಯ ಬೆರಳುಗಳು ಇನ್ನೊಮ್ಮೆ ನನ್ನ ಕೈ ಹಿಡಿಯಬಾರದೇ ಎನ್ನಿಸುತ್ತದೆ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಅಪ್ಪನೂ ಇಲ್ಲ.

ಸಾಬರ ಮಗಳು ಈಗ ಶ್ರೀರಂಗಪಟ್ಟಣದಲ್ಲಿದ್ದಾರೆ. ನಿನ್ನೆ ಹೋಗಿ, ನಾನು ಯಾರೆಂದು ಹೇಳಿ, ಎರಡೂ ಕೈ ಚಾಚಿದೆ. ಯಾವುದು ನೋವೆಂದು ಅವರು ಕೇಳಿದರು. ಬಲ ಎಂದೆ. ಎಡಗೈಯನ್ನು ಹಿಡಿದು ತಿರುಗಿಸಿದರು. ಟಕ್ ಎಂದಿತು.

"ನಮ್ ಅಬ್ಬಾ ಅವತ್ತು ಮನೆಗ್ ಬಂದು ಇದುನ್ನೇ ಯೋಳಿದ್ರು. ನಿಮ್ಗೂ ಗೊತ್ತಿತ್ತಾ?"

"ಗೊತ್ತಿತ್ತು" ಎಂದೆ.

ಅವರು ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ... ಅಂದು ಆ ಮೆಟ್ಟಿಲ ಬಳಿ ನಡೆದದ್ದರ ನಿಜ ತಿಳಿದವರಲ್ಲಿ, ನಾನು ಬಲ್ಲಂತೆ, ಇನ್ನು ಉಳಿದಿರುವವರು ನಾವಿಬ್ಬರೇ.