ಜಗ್ಗಿ ಕೂಡಿಸಿದ ಕೊಳವೆ

ಕುಳಗೇರಿ ಕ್ರಾಸಿನಾಚೆಯ ಸ್ಪಿರಿಟ್ ಕಾರ್ಖಾನೆಯಲ್ಲಿ ನಿಂತಿರುವ, ಸ್ಪಿರಿಟ್ ಬಟ್ಟಿ ಇಳಿಸುವ ಎತ್ತರದ ಉಕ್ಕಿನ ಕಂಬ, ಅಂದರೆ ಕಾಲಂ, ನನ್ನದು. ನನ್ನದೆಂದರೆ, ತಗಡಿನ ದಪ್ಪದಿಂದ ಬುಡದ ಬೋಲ್ಟಿನವರೆಗೆ ಲೆಕ್ಕ ಹಾಕಿದವಳು ನಾನು. ನನ್ನ ಮೊದಲ ಕಾಲಂ. ನವನಗರದಿಂದ ಬರುವಾಗ ಬಸ್ಸಿನ ಕಿಟಕಿಯಲ್ಲಿ ಅದು ಕಂಡರೆ ಸಾಕು, ಪಕ್ಕದವರಿಗೆ ತೋರಿಸದೆ ಬಿಡುತ್ತಿರಲಿಲ್ಲ.

ಒಳಗಿನ ಒತ್ತಡ, ಗಾಳಿ, ಸ್ವಂತ ತೂಕ, ಇವೆಲ್ಲ ಸುಲಭ. ನನ್ನ ತಲೆ ತಿಂದದ್ದು ನಾಝಲ್, ಅಂದರೆ ಕಾಲಮ್ಮಿನ ಮೈಯಿಂದ ಹೊರಬಂದು ಕೊಳವೆಗೆ ಕೂಡುವ ಬಾಯಿ. ಉಗಿ ಹೊಕ್ಕರೆ ಕಾಲಂ ಬಿಸಿಯಾಗಿ ಮೇಲಕ್ಕೆ ಬೆಳೆಯುತ್ತದೆ, ಕೊಳವೆಯೂ ಬೆಳೆಯುತ್ತದೆ. ಇಬ್ಬರ ಜಗ್ಗಾಟವೂ ಆ ಬಾಯಿಯ ಮೇಲೆ. ಅದಕ್ಕೇ, ಕಾಲಮ್ಮಿನ ಜೊತೆ ಏರಿಳಿಯಲೆಂದು, ಕೊಳವೆಯನ್ನು ಸ್ಪ್ರಿಂಗಿಗೆ ತೂಗುಹಾಕಿಸಿದ್ದೆ.

ಶ್ರಾವಣ ಸೋಮವಾರ ಮೊದಲ ಸಲ ಉಗಿ ಬಿಡಲು ಕಾರ್ಖಾನೆಯ ಸಾವುಕಾರರು ಮುಹೂರ್ತ ತೆಗೆಸಿದ್ದರು. ಕೆಳಗೆ ತೋರಣ, ಕಾಯಿ, ಕರ್ಪೂರ ಎಲ್ಲ ಸಿದ್ಧ. ನಾನು ಮೇಲೆ ಹತ್ತಿ ನೋಡಿದರೆ ನಾಝಲ್ ಪಕ್ಕ, ಭಾರ ಜಗ್ಗುವ ಚೈನ್ ಬ್ಲಾಕ್ ಇನ್ನೂ ನೇತಾಡುತ್ತಿತ್ತು.

"ಕಾಕಾ, ಜಗ್ಗಿ ಕೂಡಿಸೀರೇನು?" ಎಂದೆ, ಇಳಕಲ್ಲಿನ ಫಿಟ್ಟರಿಗೆ.

"ಕೊಳವಿ ಒಂಚೂರು ಗಿಡ್ಡ ಆಗಿತ್ರಿ ಅಕ್ಕಾರ. ಮುಹೂರ್ತ ಮೀರಬಾರದಂತ ಜಗ್ಗಿ ಬೋಲ್ಟ್ ಬಿಗದೇವಿ. ಎಷ್ಟ್ ಚಂದ ಕೂಡೇತಿ ನೋಡ್ರಿ!"

ಕೂಡಿದ್ದೇನೋ ಖರೆ. ಆದರೆ ಜಗ್ಗಿದ ಬಲವನ್ನೆಲ್ಲ ನಾಝಲ್ ಹೊತ್ತು ನಿಂತಿತ್ತು. ಅಷ್ಟು ಹೊರೆ ನನ್ನ ಲೆಕ್ಕದಲ್ಲಿರಲಿಲ್ಲ. ಬಿಸಿಯಾದರೆ ಬೆಸುಗೆ ಬಿರಿಯಬಹುದು. "ಬಿಚ್ರಿ" ಎಂದೆ. ಸುದ್ದಿ ಕೇಳಿ ಸಾವುಕಾರರೇ ಏದುಸಿರು ಬಿಡುತ್ತ ಹತ್ತಿ ಬಂದರು.

"ತಂಗಿ, ಮುಹೂರ್ತ ಕೆಡಿಸಿ, ಆಮ್ಯಾಲೆ ಏನೂ ಇಲ್ಲಂದ್ರ?"

"ಏನೂ ಇಲ್ಲಂದ್ರ ನಾ ನಾಳಿಂದ ಬರೂದಿಲ್ರಿ."

ಬಾಯಿ ನನ್ನದು ಮೊದಲಿನಿಂದಲೂ ಜೋರು. ಸಾವುಕಾರರು ಬಿಚ್ಚುವಂತೆ ಕಾಕಾಗೆ ಕೈಸನ್ನೆ ಮಾಡಿದರು.

ಕೊಳವೆಯನ್ನು ಚೈನಿನಲ್ಲಿ ಹಿಡಿದು, ಬೋಲ್ಟ್ ಬಿಚ್ಚಿ, ಮೆಲ್ಲಗೆ ಸಡಿಲಿಸಿದರು. ಅದು ಕಿರ್ರೆಂದು ಹಿಂದೆ ಸರಿಯಿತು. ನಡುವೆ ಅಂಗೈ ತೂರುವಷ್ಟು ಸಂದು! ಸಾವುಕಾರರು ತಮ್ಮ ಕೈಯನ್ನೇ ತೂರಿಸಿ ನೋಡಿದರು.

"ಕಾಯಿ ಈಗ ಒಡಿಯೂಣು. ಉಗಿ, ನೀ ಅಂದಾಗ ಬಿಡೂಣು."

ಕೊಳವೆಗೆ ತುಂಡು ಸೇರಿಸಿ ಬೆಸೆದರು. ಈ ಸಲ ಜಗ್ಗದೆಯೇ ಅದು ನಾಝಲ್ಲಿಗೆ ಕೂಡಿತು. ಬುಧವಾರ ಉಗಿ ಬಿಟ್ಟರು. ಕೊಳವೆ ಎಷ್ಟು ಏರಿತೆಂದು ತೋರಿಸುವ ಮುಳ್ಳು ಸ್ಪ್ರಿಂಗಿಗಿತ್ತು; ಬಿಸಿಯಾದಾಗ ಅದು ಎಲ್ಲಿಗೆ ಬರಬೇಕೆಂದು ನಾನು ಕೆಂಪು ಗೆರೆ ಎಳೆದಿದ್ದೆ. ಮುಳ್ಳು ಅಲ್ಲಾಡಲಿಲ್ಲ. ಗೆರೆಗೆ ಕಣ್ಣು ನೆಟ್ಟು ನಿಂತೆ. ಆಮೇಲೆ ಹೊರಟಿತು ನೋಡಿ, ಕೂದಲೆಳೆಯಷ್ಟು, ಇನ್ನಷ್ಟು.

"ಬೆಳ್ಯಾಕತ್ತೇತ್ರಿ ಅಕ್ಕಾರ! ನಿಮ್ಮ ಕಂಬ ಬೆಳ್ಯಾಕತ್ತೇತಿ!" ಕಾಕಾ ಕೂಗಿದರು. ನಾನು ಕುಣಿದೇಬಿಟ್ಟೆ.

ಮುಳ್ಳು ಗೆರೆಯ ಮೇಲೆ ಬಂದು ನಿಂತಿತು. ಕಾಕಾ ಟವೆಲಿನಲ್ಲಿ ಕಟ್ಟಿ ತಂದಿದ್ದ ತೆಂಗಿನಕಾಯಿ ಬಿಚ್ಚಿ ನನ್ನ ಕೈಗೆ ಕೊಟ್ಟರು.

"ಖರೆ ಮುಹೂರ್ತ ಈಗ ಬಂತ್ರಿ. ಒಡೀರಿ."

ಒಂದೇ ಏಟಿಗೆ ಒಡೆದೆ.