ಫ್ರಿಜ್ಜಿನಲ್ಲಿಟ್ಟ ಗಂಧರಾಜ

ಹೂವನ್ನು ಮೂಸುವಾಗ ಮೇಡಂ ಕನ್ನಡಕವನ್ನು ನೆತ್ತಿಗೇರಿಸಿ, ಕಣ್ಣು ಮುಚ್ಚಿ, ಮೂಗನ್ನು ದಳಗಳ ನಡುವೆಯೇ ಇಟ್ಟುಬಿಡುತ್ತಿದ್ದರು. ತಲೆ ಎತ್ತಿದಾಗ ಮೂಗಿನ ತುದಿಯಲ್ಲಿ ಹಳದಿ ಪರಾಗ. ಅದನ್ನು ಒರೆಸಿಕೊಳ್ಳದೆಯೇ ತರಕಾರಿಯವನ ಜತೆ ಚೌಕಾಸಿಗೂ ನಿಲ್ಲುತ್ತಿದ್ದರು.

ಕೊಟ್ಟಾರದಲ್ಲಿ ನಮ್ಮ ಮನೆಗೂ ಮೇಡಂ ಮನೆಗೂ ನಡುವೆ ಒಂದೇ ಕಂಪೌಂಡ್ ಗೋಡೆ. ಬಲ್ಮಠದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರ ಅಪ್ಪ ಕಡಲಿಗೆ ಹೋಗಿ ಮೀನು ಹಿಡಿಯುತ್ತಿದ್ದವರು. "ಮೀನಿನ ಮನೆಯಿಂದ ಹೂವಿನ ಪಾಠಕ್ಕೆ ಬಂದವಳು ನಾನು, ಎರಡಕ್ಕೂ ಮೂಗೇ ಬೇಕು," ಎನ್ನುತ್ತಿದ್ದರು. ನನ್ನದು ವಿಮಾ ಕಚೇರಿಯ ಕೆಲಸ. ಆಗಬಾರದ್ದನ್ನೆಲ್ಲ ಮುಂಚೆಯೇ ಯೋಚಿಸುವುದಕ್ಕೆ ಅಲ್ಲಿ ಸಂಬಳ ಕೊಡುತ್ತಾರೆ. ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಉಚಿತವಾಗಿ ಮುಂದುವರಿಸುತ್ತೇನೆ.

ಒಂದು ಜ್ವರ ಬಂದು ಅವರ ಮೂಗಿನ ಶಕ್ತಿಯನ್ನು ಪೂರ್ತಿ ಒಯ್ದಿತು. ಜ್ವರ ಬಿಟ್ಟರೂ ವಾಸನೆ ತಿಳಿಯಲಿಲ್ಲ. ತಿರುಗಿ ಬರಬಹುದು, ಬಾರದೆಯೂ ಇರಬಹುದು, ದಿನಾ ಮೂಸಿ ಅಭ್ಯಾಸ ಮಾಡಿ ಎಂದರು ಡಾಕ್ಟರು. ಮೇಡಂನ ಊಟ ಕಡಿಮೆಯಾಯಿತು, ಮೈ ಇಳಿದು ಸೀರೆಯ ನೆರಿಗೆ ಹೆಚ್ಚಾಯಿತು. ಸಂಜೆಯಾದರೆ ಗೋಡೆ ಬದಿಯ ಗಂಧರಾಜದ ಗಿಡದ ಹತ್ತಿರ ಕುರ್ಚಿ ಹಾಕಿ ನನ್ನನ್ನು ಕರೆಯತೊಡಗಿದರು.

"ಎಂತ ಪರಿಮಳ ಉಂಟು, ಹೇಳಿ."

"ಒಳ್ಳೆದುಂಟು ಮೇಡಂ."

"ಒಳ್ಳೆದು ಅಂದ್ರೆ ಪರಿಮಳ ಅಲ್ಲ ಮಾರಾಯ್ರೆ, ಅದು ಸರ್ಟಿಫಿಕೇಟು. ಎಂತದ್ದರ ಹಾಗೆ ಉಂಟು?"

ಬೆಣ್ಣೆ, ಎಳೆಯ ತೆಂಗಿನಕಾಯಿ, ಮೀಯಿಸಿದ ಮಗುವಿನ ತಲೆ. ಹೀಗೆ ಒಂದೊಂದೇ ಶಬ್ದ ಹುಡುಕಿ ಕೊಡುತ್ತಿದ್ದೆ, ಹೂವಿನೊಳಗಿನ ಇರುವೆ ಎಲ್ಲಿ ನನ್ನ ಮೂಗಿಗೆ ಹತ್ತುತ್ತದೋ ಎಂಬ ಹೆದರಿಕೆಯ ನಡುವೆ. ಅವರು ಆ ಶಬ್ದಗಳನ್ನು ಹಿಡಿದುಕೊಂಡು ಅದೇ ಹೂವನ್ನು ಮೂಸಿ, ತಲೆ ಅಲ್ಲಾಡಿಸುತ್ತಿದ್ದರು. ಇಲ್ಲ.

ಬದಲಿಗೆ ನನಗೆ ಪಾಠ ಸಿಗುತ್ತಿತ್ತು. "ಹೂವು ಅತ್ತರಿನ ಬಾಟ್ಲಿ ಅಲ್ಲ, ಅಡಿಗೆ ಕೋಣೆ," ಎನ್ನುತ್ತಿದ್ದರು. ದಳದ ಮೇಲ್ಪದರದ ಜೀವಕೋಶಗಳು ಪರಿಮಳವನ್ನು ಆಗಿಂದಾಗ ತಯಾರಿಸುತ್ತವೆ. ಹೆಚ್ಚಿನ ಹೂಗಳು ಅದನ್ನು ಕೂಡಿಡುವುದಿಲ್ಲ, ಬಿಸಿಬಿಸಿಯಾಗಿ ಗಾಳಿಗೆ ಬಡಿಸಿಬಿಡುತ್ತವೆ. ಇಂಥ ಬಿಳಿ ಹೂಗಳಿಗೆ ಬರುವ ನೆಂಟರು ಪತಂಗಗಳು. ಅವು ಕತ್ತಲಾದ ಮೇಲೆ ಬರುವುದರಿಂದ ಅಡಿಗೆಯೂ ಸಂಜೆಯ ಮೇಲೆಯೇ ಜೋರು.

ಒಮ್ಮೆ ಹಳೆಯ ವಿದ್ಯಾರ್ಥಿನಿಯರು ದೊಡ್ಡ ಗುಲಾಬಿ ಗುಚ್ಛ ತಂದುಕೊಟ್ಟರು. ಮೇಡಂ ಒಂದೊಂದನ್ನೇ ಮೂಸಿ ಕೆಳಗಿಟ್ಟರು. ಮುಖ ಬಾಡಿತು. ಮರ್ಯಾದೆಗೆಂದು ನಾನೂ ಮೂಸಿದೆ, ಏನೂ ಬರಲಿಲ್ಲ. ನೇರ ಮನೆಗೆ ಓಡಿ ಇಂಗಿನ ಡಬ್ಬಿ ಮೂಸಿ ನನ್ನ ಮೂಗು ಸರಿಯಿರುವುದನ್ನು ಖಾತ್ರಿ ಮಾಡಿಕೊಂಡು ವಾಪಸು ಬಂದೆ. ಜ್ವರದ ನಂತರ ಅವರು ನಕ್ಕದ್ದು ಅಂದೇ ಮೊದಲು.

"ಹೆದರ್ಬೇಡಿ. ಬಣ್ಣ ಬೇಕು, ತುಂಬ ದಿನ ಬಾಳ್ಬೇಕು ಅಂತ ಆರಿಸಿ ಆರಿಸಿ ಬೆಳೆಸಿದ ಜಾತಿ ಇದು. ಪರಿಮಳ ದಾರಿಯಲ್ಲೇ ಬಿಟ್ಟುಹೋಗಿದೆ. ಕೋಣೆ ಉಂಟು, ಒಲೆ ಹೊತ್ತಿಸ್ಲಿಕ್ಕೆ ಜನ ಇಲ್ಲ."

ಮಳೆಗಾಲ ಶುರುವಾದ ವಾರ ಗಿಡದಲ್ಲಿ ಉಳಿದಿದ್ದದ್ದು ಕೊನೆಯ ಕೆಲವು ಹೂಗಳು. ಗಾಳಿಮಳೆಗೆ ಎಲ್ಲ ಉದುರಿ ಮೇಡಂನ ಅಭ್ಯಾಸ ನಿಂತುಹೋದರೆ ಎಂಬ ಚಿಂತೆ ನನಗೆ. ಒಂದನ್ನು ಕೊಯ್ದು ಸ್ಟೀಲ್ ಡಬ್ಬಿಯಲ್ಲಿ ಹಾಕಿ ನಮ್ಮ ಫ್ರಿಜ್ಜಿನಲ್ಲಿಟ್ಟೆ. ರಾತ್ರಿ ಮಳೆ ಹೊಡೆಯಿತು, ಉಳಿದ ಹೂಗಳು ಉದುರಿದವು. ಮರುದಿನ ಸಂಜೆ, ಮುಂಜಾಗ್ರತೆ ಎಂದರೆ ಇದು ಎಂಬ ಜಂಬದಲ್ಲಿ ಡಬ್ಬಿ ತೆಗೆದುಕೊಂಡು ಹೋದೆ.

ಅವರು ಕಣ್ಣು ಮುಚ್ಚಿ ಮೂಸಿದರು. ಹುಬ್ಬು ಗಂಟಿಕ್ಕಿತು.

"ಇದನ್ನು ಎಲ್ಲಿಟ್ಟಿದ್ರಿ?"

"ಫ್ರಿಜ್ಜಿನಲ್ಲಿ."

"ಬಂಗುಡೆಯ ಹತ್ತಿರವಾ?"

ಮುಚ್ಚಳ ಗಟ್ಟಿಯಾಗಿಯೇ ಹಾಕಿದ್ದೆ, ಬಂಗುಡೆ ಮೀನು ಇದ್ದದ್ದು ಕೆಳಗಿನ ತಟ್ಟೆಯಲ್ಲಿ ಎಂದು ಸಮಜಾಯಿಷಿ ಆರಂಭಿಸಿ, ಅರ್ಧದಲ್ಲಿ ನಿಲ್ಲಿಸಿದೆ. ನಮ್ಮ ಮನೆಗೆ ಬಂಗುಡೆ ತಂದದ್ದನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಅವರು ಇನ್ನೊಮ್ಮೆ ಮೂಸಿದರು. "ಗಂಧರಾಜ ಇಲ್ಲ. ಚಳಿಗೆ ಒಲೆ ಆರಿದೆಯೋ, ನನ್ನ ಮೂಗೋ, ಗೊತ್ತಿಲ್ಲ. ಬಂಗುಡೆ ಉಂಟು." ಹೂವನ್ನು ಮಡಿಲಲ್ಲಿಟ್ಟುಕೊಂಡು, "ಅಪ್ಪ ಮನೆಯೊಳಗೆ ಬಂದ ಹಾಗೆ ಉಂಟು," ಎಂದರು. ಹೂವನ್ನು ಹಿಂದೆ ಕೊಡಲಿಲ್ಲ.

ಆ ದಿನ ನಮ್ಮ ಮನೆಯ ಬಂಗುಡೆ ಪುಳಿಮುಂಚಿಯ ಹುಳಿ-ಖಾರದ ಸಾರಿಗೆ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು.

ಮರುವರ್ಷ ಗಂಧರಾಜದ ಪರಿಮಳ ಅರ್ಧ ಬಂದಿದೆ ಎಂದರು. ಯಾವ ಅರ್ಧ ಎಂದು ಕೇಳಿದೆ. "ಬೆಣ್ಣೆ ಬಂದಿದೆ. ಮಗುವಿನ ತಲೆ ಇನ್ನೂ ಇಲ್ಲ. ಅದು ನೀವೇ ಹೇಳ್ತಾ ಇರ್ಬೇಕು." ಹೇಳುತ್ತಾ ಇದ್ದೆ. ಉಳಿದರ್ಧ ಬರುವ ಮೊದಲೇ, ಗಿಡದಲ್ಲಿ ಒಂದು ಮೊಗ್ಗೂ ಇಲ್ಲದ ಕಾಲದಲ್ಲಿ, ಅವರು ನಿದ್ದೆಯಲ್ಲಿಯೇ ತೀರಿಕೊಂಡರು.

ಮೊನ್ನೆ ಸಂಜೆ ಗೋಡೆಯ ಈಚೆ ಬಾಗಿದ ಕೊಂಬೆಯ ಹೂವನ್ನು ಮೂಸಿದೆ. ಎಲ್ಲದರ ಕೊನೆಗೆ, ತೀರ ಸಣ್ಣದಾಗಿ, ಲವಂಗ. ಇಷ್ಟು ವರ್ಷವೂ ಅದು ಅಲ್ಲೇ ಇದ್ದಿರಬೇಕು. ಅವರಿಗೆ ಕೊಡಬೇಕಾಗಿದ್ದ ಶಬ್ದ. ನನ್ನ ಬಾಯಲ್ಲೇ ಉಳಿಯಿತು.